ನಿಘಂಟುಕಾರ ಜೇಮ್ಸ್ ಮರ್ರೆ

ಇಂಗ್ಲಿಷ್ ಭಾಷೆಯನ್ನು ಕಲಿಯಲು ತೊಡಗಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದಲ್ಲ ಒಂದು ದಿನ ಅದರ ಕಾಗುಣಿತದ ಮುಂದೆ ದಿಕ್ಕುಗೆಟ್ಟು ನಿಲ್ಲುತ್ತಾನೆ. ದ್ವೀಪವೆಂಬ ಅರ್ಥದ ‘ಐಲೆಂಡ್’ ಶಬ್ದದ ನಡುವೆ ಉಚ್ಚಾರಣೆಗೆ ಬಾರದ ‘ಎಸ್’ ಅಕ್ಷರವೊಂದು ಕುಳಿತಿದೆ. ಸಾಲವೆಂಬ ಅರ್ಥದ ‘ಡೆಟ್’ ಶಬ್ದದಲ್ಲಿ ‘ಬಿ’ ಅಕ್ಷರ ಮೌನವಾಗಿ ಅಡಗಿದೆ. ಬರೆದಂತೆ ಓದುವ ಕನ್ನಡದಲ್ಲಿ ಬೆಳೆದ ಮಕ್ಕಳಿಗೆ ಇದು ವಿಚಿತ್ರವಾಗಿ ತೋರುವುದು ಸಹಜ. ಹೀಗೇಕೆ ಎಂಬ ಪ್ರಶ್ನೆಗೆ ಬಹುಕಾಲ ಊಹೆಯೇ ಉತ್ತರವಾಗಿತ್ತು. ಊಹೆಯನ್ನು ಬದಿಗಿರಿಸಿ, ಪ್ರತಿಯೊಂದು ಶಬ್ದವೂ ಎಲ್ಲಿಂದ ಬಂದಿತು, ಯಾವಾಗ ಬಳಕೆಗೆ ಸೇರಿತು, ಕಾಲಕಾಲಕ್ಕೆ ರೂಪವನ್ನೂ ಅರ್ಥವನ್ನೂ ಹೇಗೆ ಬದಲಿಸಿಕೊಂಡಿತು ಎಂಬುದನ್ನು ಲಿಖಿತ ಆಧಾರಗಳಿಂದ ತೋರಿಸಲು ಹೊರಟು, ಆ ಒಂದೇ ಕಾರ್ಯಕ್ಕೆ ತಮ್ಮ ಬಾಳಿನ 36 ವರ್ಷಗಳನ್ನು ಸವೆಸಿದ ಮಹನೀಯರು ಜೇಮ್ಸ್ ಮರ್ರೆಯವರು.

ಮರ್ರೆಯವರು 1837ನೆಯ ಇಸವಿ ಫೆಬ್ರವರಿ 7ರಂದು ಸ್ಕಾಟ್ಲೆಂಡಿನ ದಕ್ಷಿಣ ಭಾಗದ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಥಾಮಸ್ ಮರ್ರೆ ದರ್ಜಿ. ಬಟ್ಟೆ ಹೊಲಿದು ಸಂಸಾರವನ್ನು ಸಾಗಿಸುತ್ತಿದ್ದ ಆ ಮನೆಯಲ್ಲಿ ಸಿರಿತನವಿರಲಿಲ್ಲ. ಆದರೆ ಬಾಲಕನ ಕಲಿಯುವ ಹಂಬಲಕ್ಕೆ ಮಿತಿಯಿರಲಿಲ್ಲ. ಗಿಡಮೂಲಿಕೆ, ಕಲ್ಲು, ನಕ್ಷತ್ರ, ಹಳೆಯ ಕಟ್ಟಡ, ಅನ್ಯಭಾಷೆಯ ಲಿಪಿ, ಹೀಗೆ ಕಣ್ಣಿಗೆ ಬಿದ್ದುದೆಲ್ಲವೂ ಅವನಿಗೆ ಪಾಠವಾಗುತ್ತಿತ್ತು. ಹಸುಗಳನ್ನು ಲ್ಯಾಟಿನ್ ಭಾಷೆಯಲ್ಲಿ ಕೂಗಿ ಕರೆದು, ಅವು ಓಗೊಡುವಂತೆ ಕಲಿಸಲು ಅವನು ಯತ್ನಿಸಿದನೆಂದು ಹೇಳುತ್ತಾರೆ. ಹಸುಗಳು ಕಲಿತವೋ ಇಲ್ಲವೋ, ಬಾಲಕನಂತೂ ಕಲಿತನು. ಮುಂದೆ ಓದಿಸಲು ತಂದೆಯ ಬಳಿ ಹಣವಿರಲಿಲ್ಲವಾದ ಕಾರಣ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಅವನ ಶಾಲಾ ವಿದ್ಯಾಭ್ಯಾಸ ನಿಂತುಹೋಯಿತು. ಅಲ್ಲಿಂದ ಮುಂದಿನದೆಲ್ಲ ಸ್ವಂತ ಪರಿಶ್ರಮದ ವಿದ್ಯೆ.

ಹದಿನೇಳನೆಯ ವಯಸ್ಸಿಗೆ ಮರ್ರೆಯವರು ಸಮೀಪದ ಹಾವಿಕ್ ಪಟ್ಟಣದ ಶಾಲೆಯಲ್ಲಿ ಸಹಾಯಕ ಉಪಾಧ್ಯಾಯರಾದರು. ಇಪ್ಪತ್ತನೆಯ ವಯಸ್ಸಿಗೆ ಅದೇ ಊರಿನ ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯರೂ ಆದರು. ಬಿಡುವು ದೊರೆತಾಗ ಸುತ್ತಮುತ್ತಲ ಹಳ್ಳಿಗಳಲ್ಲಿ ಅಲೆದು ಜನರ ಮಾತಿಗೆ ಕಿವಿಗೊಡುವುದು ಅವರ ಪರಿಪಾಠವಾಯಿತು. ಪಂಡಿತರು ಗ್ರಾಮ್ಯವೆಂದು ಕಡೆಗಣಿಸುತ್ತಿದ್ದ ಆ ಮಾತಿನಲ್ಲಿ ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನ ರೂಪಗಳು ಇನ್ನೂ ಉಸಿರಾಡುತ್ತಿರುವುದನ್ನು ಅವರು ಗುರುತಿಸಿದರು. ಬಾಯಿಂದ ಬಾಯಿಗೆ ಸಾಗಿ ಬಂದ ಮಾತೂ ಒಂದು ಚರಿತ್ರೆಯೆಂಬ ಅರಿವು ಅವರಲ್ಲಿ ಮೂಡಿದ್ದು ಹೀಗೆ.

1862ರಲ್ಲಿ ಅವರು ಮ್ಯಾಗಿ ಸ್ಕಾಟ್ ಎಂಬ ಸಂಗೀತ ಶಿಕ್ಷಕಿಯನ್ನು ವಿವಾಹವಾದರು. ಆದರೆ ಆ ಸುಖ ಬಹುಕಾಲ ಬಾಳಲಿಲ್ಲ. ಹುಟ್ಟಿದ ಹೆಣ್ಣುಮಗು ಎಳವೆಯಲ್ಲಿಯೇ ತೀರಿಕೊಂಡಿತು. ಪತ್ನಿಗೆ ಕ್ಷಯರೋಗ ತಗುಲಿತು. ಸ್ಕಾಟ್ಲೆಂಡಿನ ಕೊರೆಯುವ ಚಳಿಯಿಂದ ಆಕೆಯನ್ನು ದೂರ ಕರೆದೊಯ್ಯಬೇಕೆಂದು ವೈದ್ಯರು ಸೂಚಿಸಿದರು. ಮರ್ರೆಯವರು ಮುಖ್ಯೋಪಾಧ್ಯಾಯ ಹುದ್ದೆಯನ್ನು ತೊರೆದು, 1864ರಲ್ಲಿ ಲಂಡನ್ನಿಗೆ ಬಂದು, ಭಾರತ ಮೊದಲಾದ ದೇಶಗಳೊಡನೆ ವ್ಯವಹರಿಸುತ್ತಿದ್ದ ಒಂದು ಬ್ಯಾಂಕಿನಲ್ಲಿ ಗುಮಾಸ್ತರಾದರು. ಮರುವರ್ಷವೇ ಪತ್ನಿ ಕಣ್ಮುಚ್ಚಿದರು. ಇಪ್ಪತ್ತೆಂಟರ ಪ್ರಾಯದಲ್ಲಿ ಮಡದಿ, ಮಗು, ಮೆಚ್ಚಿನ ವೃತ್ತಿ ಎಲ್ಲವನ್ನೂ ಕಳೆದುಕೊಂಡು ಲೆಕ್ಕದ ಪುಸ್ತಕಗಳ ನಡುವೆ ಕುಳಿತ ಆ ಯುವಕನನ್ನು ಕೈಹಿಡಿದು ಕಾಪಾಡಿದ್ದು ಭಾಷಾಭ್ಯಾಸವೇ. ಕೆಲವು ಭಾಷೆಗಳಲ್ಲಿ ಅವರು ಪಾರಂಗತರಾದರು. ಇನ್ನು ಕೆಲವನ್ನು ಓದಿ ತಿಳಿಯಬಲ್ಲಷ್ಟು ಕಲಿತರು. ತೌಲನಿಕ ವ್ಯಾಸಂಗಕ್ಕೆ ಅಗತ್ಯವಾದ ಸಂಸ್ಕೃತದ ಪರಿಚಯವೂ ಅವರಿಗಿತ್ತು. ಇಷ್ಟು ವಿದ್ವತ್ತಿದ್ದರೂ 1866ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಒಂದು ಹುದ್ದೆಗೆ ಅವರು ಸಲ್ಲಿಸಿದ ಅರ್ಜಿ ಫಲಿಸಲಿಲ್ಲ.

1867ರಲ್ಲಿ ಅವರು ಏಡಾ ರುತ್‌ವೆನ್ ಅವರನ್ನು ಕೈಹಿಡಿದರು. ಮುಂದೆ ದೂರವಾಣಿಯ ನಿರ್ಮಾತೃವೆಂದು ಜಗದ್ವಿಖ್ಯಾತನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಆ ಮದುವೆಯಲ್ಲಿ ವರನ ಒಡನಾಡಿಯಾಗಿ ನಿಂತಿದ್ದನು. ಏಡಾ ಅವರು ಹನ್ನೊಂದು ಮಕ್ಕಳ ತಾಯಿಯಾಗಿ, ಗಂಡನ ಕಾರ್ಯಕ್ಕೆ ಬೆನ್ನೆಲುಬಾಗಿ ಬಾಳಿದರು. 1870ರಲ್ಲಿ ಮರ್ರೆಯವರು ಲಂಡನ್ ಸಮೀಪದ ಮಿಲ್ ಹಿಲ್ ಶಾಲೆಯಲ್ಲಿ ಮತ್ತೆ ಉಪಾಧ್ಯಾಯರಾದರು. ದಕ್ಷಿಣ ಸ್ಕಾಟ್ಲೆಂಡಿನ ಆಡುಮಾತನ್ನು ಕುರಿತು 1873ರಲ್ಲಿ ಅವರು ಪ್ರಕಟಿಸಿದ ಗ್ರಂಥ ವಿದ್ವಾಂಸರ ಗಮನವನ್ನು ಸೆಳೆಯಿತು.

ಈ ವೇಳೆಗೆ ಲಂಡನ್ನಿನ ಭಾಷಾಶಾಸ್ತ್ರ ಸಂಘವು ಒಂದು ಮಹತ್ವದ ಕಾರ್ಯವನ್ನು ಹೊತ್ತು ಬಳಲಿತ್ತು. ಇಂಗ್ಲಿಷಿಗೆ 1755ರಲ್ಲಿಯೇ ಸ್ಯಾಮ್ಯುಯೆಲ್ ಜಾನ್ಸನ್ ಅವರ ಪ್ರಸಿದ್ಧ ನಿಘಂಟು ದೊರೆತಿತ್ತಾದರೂ ಭಾಷೆಯ ಸಮಸ್ತ ಶಬ್ದಗಳ ಚರಿತ್ರೆ ಅದರಲ್ಲಿರಲಿಲ್ಲ. ಅಂತಹ ಚರಿತ್ರೆಯೊಂದು ಬೇಕೆಂಬ ವಿಚಾರ 1857ರಲ್ಲಿ ಸಂಘದಲ್ಲಿ ಮೊಳೆಯಿತು. ಮೊದಲ ಸಂಪಾದಕ ಹರ್ಬರ್ಟ್ ಕೋಲ್‌ರಿಜ್ ಅವರು ಚೀಟಿಗಳನ್ನು ವಿಂಗಡಿಸಿಡಲು 54 ಖಾನೆಗಳುಳ್ಳ ಒಂದು ಪೆಟ್ಟಿಗೆಯನ್ನು ಮಾಡಿಸಿದ್ದರು; ಅಷ್ಟು ಸಾಕೆಂಬುದು ಅವರ ಎಣಿಕೆ. 1861ರಲ್ಲಿ ಅವರು ಮೂವತ್ತರ ಹರೆಯದಲ್ಲಿಯೇ ನಿಧನರಾದರು. ಅನಂತರ ಬಂದ ಫ್ರೆಡರಿಕ್ ಫರ್ನಿವಾಲ್ ಅವರಿಗೆ ಉತ್ಸಾಹ ಅಪಾರ, ವ್ಯವಸ್ಥೆ ಕಡಿಮೆ. ಕಾರ್ಯ ಸೊರಗಿತು. ಕಡೆಗೆ 1879ರ ಮಾರ್ಚ್ 1ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯ ಒಪ್ಪಂದಕ್ಕೆ ಸಹಿ ಹಾಕಿತು. ಸಂಪಾದಕತ್ವ ಮರ್ರೆಯವರ ಪಾಲಿಗೆ ಬಂದಿತು. ಹತ್ತು ವರ್ಷಗಳಲ್ಲಿ, ನಾಲ್ಕು ಸಂಪುಟಗಳಲ್ಲಿ ನಿಘಂಟು ಮುಗಿಯಬೇಕೆಂಬುದು ಕರಾರು.

ಮರ್ರೆಯವರು ಮನೆಯ ಮುಂದಿನ ತೋಟದಲ್ಲಿ ಕಬ್ಬಿಣದ ತಗಡಿನ ಒಂದು ಕೊಠಡಿಯನ್ನು ಕಟ್ಟಿಸಿದರು. ಮಧ್ಯಯುಗದ ಮಠಗಳಲ್ಲಿ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಕೋಣೆಗೆ ‘ಸ್ಕ್ರಿಪ್ಟೋರಿಯಂ’ ಎಂದು ಹೆಸರು. ಅದೇ ಹೆಸರನ್ನು ಈ ಕೊಠಡಿಗೂ ಇಟ್ಟರು. ಗೋಡೆಗೆ 1,029 ಖಾನೆಗಳನ್ನು ಜೋಡಿಸಿದರು. ಫರ್ನಿವಾಲರಿಂದ ಸುಮಾರು ಎರಡು ಟನ್ ತೂಕದ ಚೀಟಿಗಳು ಮೂಟೆ ಮೂಟೆಯಾಗಿ ಬಂದಿಳಿದವು. ಒಂದು ಮೂಟೆಯಲ್ಲಿ ಸತ್ತ ಹೆಗ್ಗಣವಿತ್ತು. ಇನ್ನೊಂದರಲ್ಲಿ ಇಲಿಯೊಂದು ಮರಿಗಳೊಡನೆ ಸಂಸಾರ ಹೂಡಿತ್ತು. ‘ಎಚ್’ ಅಕ್ಷರದ ಚೀಟಿಗಳು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಪತ್ತೆಯಾದವು. ‘ಪಿ’ ಅಕ್ಷರದ ಒಂದು ಭಾಗ ಐರ್ಲೆಂಡಿನ ಕುದುರೆಲಾಯವೊಂದರಲ್ಲಿ ಸಿಕ್ಕಿತು; ಅದರಲ್ಲಿ ಬಹುಪಾಲು ಬೆಂಕಿ ಹೊತ್ತಿಸಲು ಬಳಕೆಯಾಗಿ ಹೋಗಿತ್ತು. ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಕೈಚೆಲ್ಲುತ್ತಿದ್ದರೇನೋ. ಮರ್ರೆಯವರು ಉಳಿದುದನ್ನು ಒಪ್ಪಮಾಡಿ, ಹೋದುದನ್ನು ಹೊಸದಾಗಿ ಸಂಗ್ರಹಿಸಲು ನಿಂತರು.

ಒಬ್ಬನಿಂದಾಗಲಿ ಹತ್ತು ಜನರಿಂದಾಗಲಿ ಆಗುವ ಕೆಲಸ ಅದಾಗಿರಲಿಲ್ಲ. ಆದುದರಿಂದ ಅವರು ಇಂಗ್ಲಿಷ್ ಬಲ್ಲ ಸಮಸ್ತರಿಗೂ ಒಂದು ವಿನಂತಿ ಪತ್ರವನ್ನು ಅಚ್ಚುಹಾಕಿಸಿ ಹಂಚಿದರು. ಪುಸ್ತಕಗಳನ್ನು ಓದುತ್ತಾ, ಗಮನಾರ್ಹವಾದ ಪ್ರತಿಯೊಂದು ಶಬ್ದವನ್ನೂ ಒಂದು ಚೀಟಿಯಲ್ಲಿ ಬರೆದು, ಅದು ಬಂದಿರುವ ವಾಕ್ಯ, ಗ್ರಂಥ, ಕರ್ತೃ, ಇಸವಿ ಮತ್ತು ಪುಟಸಂಖ್ಯೆಗಳನ್ನು ನಮೂದಿಸಿ ಕಳುಹಿಸಬೇಕು, ಸಂಭಾವನೆಯಿಲ್ಲ. ಇದಿಷ್ಟೇ ಆ ಪತ್ರದ ಕೋರಿಕೆ. ಬ್ರಿಟನ್ನಿನಿಂದ, ಅಮೆರಿಕದಿಂದ, ದೂರದ ವಸಾಹತುಗಳಿಂದ ಚೀಟಿಗಳು ಹರಿದುಬಂದವು. ಮರ್ರೆಯವರ ಮಕ್ಕಳು ಅಕ್ಷರ ಕಲಿತೊಡನೆ ಚೀಟಿಗಳನ್ನು ವಿಂಗಡಿಸುವ ಕೆಲಸಕ್ಕೆ ಕೂರುತ್ತಿದ್ದರು. ಅವರ ಕೈಖರ್ಚಿನ ಕಾಸು ಬರುತ್ತಿದ್ದುದು ಅದರಿಂದಲೇ. ಒಂದೊಂದು ಶಬ್ದದ ಚೀಟಿಗಳನ್ನೂ ಕಾಲಾನುಕ್ರಮವಾಗಿ ಹರಡಿಕೊಂಡು, ಅರ್ಥಗಳನ್ನು ಬೇರ್ಪಡಿಸಿ, ಒಂದರಿಂದ ಇನ್ನೊಂದು ಹೇಗೆ ಕವಲೊಡೆಯಿತೆಂಬುದನ್ನು ಮರ್ರೆಯವರು ನಿರ್ಧರಿಸುತ್ತಿದ್ದರು. ಸಂದೇಹ ಬಂದಾಗ ಕವಿಗಳಿಗೆ, ಸಸ್ಯೋದ್ಯಾನದ ನಿರ್ದೇಶಕರಿಗೆ, ಬಂದರಿನ ವರ್ತಕರಿಗೆ ಪತ್ರ ಬರೆದು ವಿಚಾರಿಸುತ್ತಿದ್ದರು. ತಿಳಿಯದುದನ್ನು ತಿಳಿದವರಲ್ಲಿ ಕೇಳಲು ಅವರೆಂದೂ ಸಂಕೋಚಪಡಲಿಲ್ಲ.

ಈ ಪರಿಶೀಲನೆಯಿಂದ ಶಬ್ದಗಳ ನಿಜವಾದ ಕಥೆ ಬೆಳಕಿಗೆ ಬಂದಿತು. ‘ಐಲೆಂಡ್’ ಅಪ್ಪಟ ಹಳೆಯ ಇಂಗ್ಲಿಷ್ ಶಬ್ದ. ಅದರಲ್ಲಿ ‘ಎಸ್’ ಇರಲೇ ಇಲ್ಲ. ಲ್ಯಾಟಿನ್ ಮೂಲದ, ಫ್ರೆಂಚಿನಿಂದ ಬಂದ ‘ಐಲ್’ ಎಂಬ ಇನ್ನೊಂದು ಶಬ್ದದೊಡನೆ ಅದಕ್ಕೆ ನಂಟಿದೆಯೆಂದು ಜನರು ತಪ್ಪಾಗಿ ಭಾವಿಸಿ, ಅಲ್ಲಿನ ‘ಎಸ್’ ಅನ್ನು ಇಲ್ಲಿಗೂ ತಂದು ಸೇರಿಸಿದರು. ‘ಡೆಟ್’ ಶಬ್ದ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಅದರ ಲ್ಯಾಟಿನ್ ಮೂಲದಲ್ಲಿ ‘ಬಿ’ ಉಂಟೆಂದು ತೋರಿಸುವ ಪಂಡಿತರ ಹುರುಪಿನಿಂದ ಅದು ಬರಹಕ್ಕೆ ಸೇರಿತು, ಬಾಯಿಗೆ ಸೇರಲಿಲ್ಲ. ಹಾವಿನ ಒಂದು ಜಾತಿಗೆ ‘ಆಡರ್’ ಎಂದು ಹೆಸರು. ಅದು ಮೊದಲು ‘ನಾಡರ್’ ಎಂದಿತ್ತು. ಒಂದು ಎಂಬರ್ಥದ ‘ಎ’ ಮುಂದೆ ಸೇರಿ ‘ಎ ನಾಡರ್’ ಎನ್ನುವಾಗ, ಕೇಳಿದವರು ನಕಾರವನ್ನು ಹಿಂದಕ್ಕೆ ಎಳೆದು ‘ಎನ್ ಆಡರ್’ ಎಂದು ಬಿಡಿಸಿಕೊಂಡರು. ಹೀಗೆ ಹಾವಿನ ತಲೆಯಕ್ಷರವೇ ಕಳಚಿಹೋಯಿತು.

ನುಡಿಗಟ್ಟುಗಳ ಕಥೆಯೂ ಹೀಗೆಯೇ ಸ್ವಾರಸ್ಯವಾದುದು. ತಪ್ಪೊಪ್ಪಿಕೊಂಡು ತಲೆತಗ್ಗಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಹಂಬಲ್ ಪೈ’ ತಿನ್ನುವುದು ಎನ್ನುತ್ತಾರೆ. ಜಿಂಕೆಯ ಕರುಳು ಮೊದಲಾದ ಒಳಭಾಗಗಳಿಗೆ ‘ಅಂಬಲ್ಸ್’ ಎಂದು ಹೆಸರಿತ್ತು. ಅದನ್ನು ಹೂರಣವಾಗಿ ತುಂಬಿ ಬೇಯಿಸಿದ ತಿನಿಸೇ ಈ ‘ಪೈ’. ವಿನಯ ಎಂಬರ್ಥದ ‘ಹಂಬಲ್’ ಶಬ್ದಕ್ಕೂ ಜಿಂಕೆಯ ಕರುಳಿಗೂ ಮೂಲತಃ ಸಂಬಂಧವಿಲ್ಲ. ಧ್ವನಿಸಾಮ್ಯದಿಂದ ಎರಡೂ ಬೆರೆತು ಈ ನುಡಿಗಟ್ಟು ಹುಟ್ಟಿತು. ವಿದ್ಯಾರ್ಥಿಗಳನ್ನು ಗೊಂದಲಕ್ಕೀಡುಮಾಡುವ ಜೋಡಿಶಬ್ದಗಳಲ್ಲಿ ‘ಡಿಸ್ಕ್ರೀಟ್’ ಒಂದು. ಎರಡು ಬಗೆಯಲ್ಲಿ ಬರೆಯುವ ಇದರ ಉಚ್ಚಾರಣೆ ಒಂದೇ. ಒಂದಕ್ಕೆ ವಿವೇಕದಿಂದ ಮಾತನ್ನು ಅಡಕವಾಗಿಟ್ಟುಕೊಳ್ಳುವವನು ಎಂದೂ, ಇನ್ನೊಂದಕ್ಕೆ ಬಿಡಿಬಿಡಿಯಾದುದು ಎಂದೂ ಅರ್ಥ. ಬೇರ್ಪಟ್ಟದ್ದು ಎಂಬರ್ಥದ ಒಂದೇ ಲ್ಯಾಟಿನ್ ಶಬ್ದ ಎರಡಕ್ಕೂ ತಾಯಿ. ಒಳಿತು ಕೆಡುಕುಗಳನ್ನು ಬೇರ್ಪಡಿಸಿ ನೋಡಬಲ್ಲವನೇ ವಿವೇಕಿಯಷ್ಟೆ? ಮೂಲವನ್ನು ಅರಿತವನಿಗೆ ಎರಡನ್ನೂ ನೆನಪಿಡುವುದು ಸುಲಭ.

ಮರ್ರೆಯವರು ಸಂಪಾದಿಸಿದ ಭಾಗಗಳಲ್ಲಿ ದಕ್ಷಿಣ ಭಾರತದ ಶಬ್ದಗಳೂ ಇವೆ. ‘ಕೆಟಮರನ್’ ಎಂಬ ತೆಪ್ಪದ ಹೆಸರಿನ ಮೊದಲಲ್ಲಿ ಬೆಕ್ಕು ಎಂಬರ್ಥದ ‘ಕ್ಯಾಟ್’ ಕಂಡಂತಾದರೂ ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಅದು ತಮಿಳಿನ ‘ಕಟ್ಟುಮರಂ’, ಅಂದರೆ ಕಟ್ಟಿ ಜೋಡಿಸಿದ ಮರ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ‘ಅರೆಕ’ ಎಂಬುದು ಪೋರ್ಚುಗೀಸರ ಮೂಲಕ ಹೋದ ಮಲಯಾಳದ ‘ಅಡಕ್ಕ’. ನಮ್ಮ ಅಡಿಕೆ ಅದರ ಒಡಹುಟ್ಟು. ಬೆಲ್ಲವೆಂಬ ಅರ್ಥದ ‘ಜಾಗರಿ’ಯೂ ಅದೇ ಹಾದಿಯಲ್ಲಿ ಹೋದುದು, ಅದಕ್ಕೂ ನಮ್ಮ ಸಕ್ಕರೆಗೂ ಸಂಸ್ಕೃತದ ‘ಶರ್ಕರಾ’ ಮೂಲ. ‘ಟೀಕ್’ ಎಂಬ ಮರದ ಹೆಸರು ತೇಗದ ಬಂಧು. ದೂರದ ಕರಾವಳಿಯಲ್ಲಿ ಹಡಗು ಹತ್ತಿದ ಈ ಮಾತುಗಳ ಜಾಡೂ ತಗಡಿನ ಆ ಕೊಠಡಿಯಲ್ಲಿ ದಾಖಲಾಯಿತು.

ಆದರೆ ಇಷ್ಟು ಎಚ್ಚರದ ಕೆಲಸ ಅವಸರಕ್ಕೆ ಒಗ್ಗುವಂತಹುದಲ್ಲ. 1884ರಲ್ಲಿ ಪ್ರಥಮ ಸಂಚಿಕೆ ಪ್ರಕಟವಾಯಿತು. ಅದರ 352 ಪುಟಗಳು ‘ಎ’ ಅಕ್ಷರದಿಂದ ಇರುವೆ ಎಂಬರ್ಥದ ‘ಆಂಟ್’ ಶಬ್ದದವರೆಗೆ ಮಾತ್ರ ಸಾಗಿದ್ದವು. ಹತ್ತು ವರ್ಷಗಳ ಕರಾರಿನಲ್ಲಿ ಐದು ಆಗಲೇ ಕಳೆದಿದ್ದವು. ಮುದ್ರಣಾಲಯದ ಆಡಳಿತವರ್ಗಕ್ಕೆ ಕಳವಳವಾಯಿತು. ಖರ್ಚು ಬೆಳೆಯುತ್ತಿದೆ, ವೇಗ ಸಾಲದು ಎಂಬ ಆಕ್ಷೇಪಣೆಗಳು ಬಂದವು. ಉದಾಹರಣೆಗಳನ್ನು ಕಡಿತಗೊಳಿಸಬೇಕು, ವೃತ್ತಪತ್ರಿಕೆಗಳಿಂದ ವಾಕ್ಯಗಳನ್ನು ಆರಿಸಬಾರದು ಎಂಬ ಸೂಚನೆಗಳೂ ಬಂದವು. ಅವರ ಆತಂಕದಲ್ಲಿ ಹುರುಳಿರಲಿಲ್ಲವೆಂದಲ್ಲ. ಹಣ ಹೂಡಿದವರು ಅವರು. ಆದರೆ ಪುರಾವೆಯಿಲ್ಲದ ಅರ್ಥವನ್ನು ಅಚ್ಚಿಗೆ ಕೊಡಲು ಮರ್ರೆಯವರ ಮನಸ್ಸು ಒಪ್ಪಲಿಲ್ಲ. ಹೊಸ ಮಾತು ಮೊದಲು ಕಾಣಿಸಿಕೊಳ್ಳುವುದು ಪತ್ರಿಕೆಗಳಲ್ಲಿಯೇ ಎಂಬುದನ್ನು ಅವರು ಬಲ್ಲರು. ನಿಗದಿಯಾದ ಮೊತ್ತದಲ್ಲಿ ಸಹಾಯಕರ ಸಂಬಳ ಹೊಂದದೆ ಸ್ವಂತ ಹಣವನ್ನು ಹಾಕುತ್ತಿದ್ದ ಅವರಿಗೆ ಸಂಸಾರದ ಚಿಂತೆಯೂ ಇತ್ತು. ರಾಜೀನಾಮೆ ಕೊಡುವ ಆಲೋಚನೆ ಅವರಿಗೆ ಬಂದುದುಂಟು. ಆದರೂ ಅವರು ಕೆಲಸವನ್ನು ಬಿಡಲಿಲ್ಲ, ಅಳತೆಗೋಲನ್ನು ಇಳಿಸಲೂ ಇಲ್ಲ.

1885ರಲ್ಲಿ ಅವರು ಶಾಲೆಯ ಕೆಲಸವನ್ನು ಬಿಟ್ಟು, ಆಕ್ಸ್‌ಫರ್ಡಿಗೆ ಬಂದು ನೆಲೆಸಿದರು. ಅಲ್ಲಿಯೂ ತೋಟದಲ್ಲಿ ಸ್ಕ್ರಿಪ್ಟೋರಿಯಂ ಎದ್ದಿತು. ಅದು ನೋಟಕ್ಕೆ ಅಡ್ಡಿಯಾಗುವುದೆಂದು ನೆರೆಯವರು ಆಕ್ಷೇಪಿಸಿದ್ದರಿಂದ ನೆಲವನ್ನು ಅಗೆದು ತಗ್ಗಿನಲ್ಲಿ ಕಟ್ಟಬೇಕಾಯಿತು. ಚಳಿಗಾಲದಲ್ಲಿ ಅಲ್ಲಿ ಶೀತ ತಡೆಯಲಾಗುತ್ತಿರಲಿಲ್ಲ. ಗಾಳಿ ತಗುಲದಂತೆ ಕಾಲುಗಳನ್ನು ಒಂದು ಪೆಟ್ಟಿಗೆಯೊಳಗಿಟ್ಟುಕೊಂಡು ಮರ್ರೆಯವರು ಬರೆಯುತ್ತಿದ್ದರು. ಅವರ ಪತ್ರವ್ಯವಹಾರದ ಮಿತಿಯಿಲ್ಲದ ವಿಸ್ತಾರವನ್ನು ಕಂಡು ಅಂಚೆ ಇಲಾಖೆ ಅವರ ಮನೆಯ ಮುಂದೆಯೇ ಒಂದು ಅಂಚೆಪೆಟ್ಟಿಗೆಯನ್ನು ನಿಲ್ಲಿಸಿತು. ಮುಂದೆ ಹೆನ್ರಿ ಬ್ರಾಡ್ಲಿ, ವಿಲಿಯಂ ಕ್ರೇಗಿ, ಚಾರ್ಲ್ಸ್ ಆನಿಯನ್ಸ್ ಎಂಬ ವಿದ್ವಾಂಸರು ಸಹಸಂಪಾದಕರಾಗಿ ಬಂದು ಹೊರೆಯನ್ನು ಹಂಚಿಕೊಂಡರು.

ನೆರವಾದವರಲ್ಲಿ ಇಬ್ಬರನ್ನು ವಿಶೇಷವಾಗಿ ಸ್ಮರಿಸಬೇಕು. ಅಮೆರಿಕದಲ್ಲಿ ಹುಟ್ಟಿ, ಕಾಶಿಯ ಸರ್ಕಾರಿ ಸಂಸ್ಕೃತ ಕಾಲೇಜಿನಲ್ಲಿ ಬೋಧಿಸಿ, ಅನಂತರ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಏಕಾಂಗಿಯಾಗಿ ನೆಲೆಸಿದ್ದ ಫಿಟ್ಸೆಡ್ವರ್ಡ್ ಹಾಲ್ ಅವರು 1901ರಲ್ಲಿ ಮರಣ ಹೊಂದುವವರೆಗೂ, ಸುಮಾರು ಇಪ್ಪತ್ತು ವರ್ಷಗಳ ಕಾಲ, ದಿನವೂ ಗಂಟೆಗಟ್ಟಲೆ ಈ ಕೆಲಸವನ್ನು ಬಿಡಿಗಾಸಿಲ್ಲದೆ ಮಾಡಿದರು. ಇನ್ನೊಬ್ಬರು ಸಿಂಹಳದಲ್ಲಿ ಹುಟ್ಟಿದ ಅಮೆರಿಕದ ಸೇನಾವೈದ್ಯ ವಿಲಿಯಂ ಮೈನರ್. ಮನೋರೋಗದ ಭ್ರಮೆಯಲ್ಲಿ ನಿರಪರಾಧಿಯೊಬ್ಬನನ್ನು ಕೊಂದು, ಬ್ರಾಡ್‌ಮೂರ್ ಎಂಬ ಮಾನಸಿಕ ಚಿಕಿತ್ಸಾಲಯದಲ್ಲಿ ಬಂಧಿತರಾಗಿದ್ದ ಅವರು ಆ ಕೋಣೆಯಿಂದಲೇ ಸಾವಿರಾರು ಚೀಟಿಗಳನ್ನು ಕಳುಹಿಸಿದರು. ಮರ್ರೆಯವರು ಅಲ್ಲಿಗೆ ಹೋಗಿ ಅವರನ್ನು ಕಂಡು, ಸ್ನೇಹಿತರಂತೆಯೇ ಗೌರವಿಸಿದರು.

ಇಷ್ಟಾದರೂ ಮನುಷ್ಯ ಪ್ರಯತ್ನದಲ್ಲಿ ಲೋಪ ತಪ್ಪಿದ್ದಲ್ಲ. ದಾಸಿ ಎಂಬರ್ಥದ ‘ಬಾಂಡ್‌ಮೇಡ್’ ಶಬ್ದದ ಚೀಟಿಗಳು ಹೇಗೋ ಕೈತಪ್ಪಿದ್ದವು. ‘ಬಿ’ ಅಕ್ಷರ ಅಚ್ಚಾಗಿ ಹೊರಬಂದ ಮೇಲೆ ಆ ಶಬ್ದ ಬಿಟ್ಟುಹೋಗಿರುವುದು ತಿಳಿಯಿತು. ಲಕ್ಷಾಂತರ ಶಬ್ದಗಳ ನಡುವೆ ಒಂದು ಹೋದರೇನು ಎಂದು ಲೋಕ ಭಾವಿಸಬಹುದು. ಮರ್ರೆಯವರನ್ನು ಆ ಒಂದು ಶಬ್ದ ನೋಯಿಸಿತು. ಅದಕ್ಕೆ ಸ್ಥಾನ ದೊರೆತದ್ದು ಅವರು ತೀರಿಕೊಂಡ ಬಳಿಕ, 1933ರ ಅನುಬಂಧದಲ್ಲಿ.

ಗೌರವಗಳು ತಡವಾಗಿಯೇ ಬಂದವು. 1908ರಲ್ಲಿ ಅವರಿಗೆ ‘ಸರ್’ ಪದವಿ ದೊರೆಯಿತು. ಮೂವತ್ತು ವರ್ಷ ಅವರ ದುಡಿಮೆಗೆ ನೆಲೆಯಾಗಿದ್ದ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು 1914ರಲ್ಲಿ. ಎಂಬತ್ತನೆಯ ಹುಟ್ಟುಹಬ್ಬದ ವೇಳೆಗೆ ನಿಘಂಟನ್ನು ಮುಗಿಸಬೇಕೆಂಬುದು ಅವರ ಆಸೆಯಾಗಿತ್ತು. ಆದರೆ ‘ಟಿ’ ಅಕ್ಷರದ ಕೆಲಸ ಸಾಗಿರುವಾಗಲೇ, 1915ರ ಜುಲೈ 26ರಂದು, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದರು. ಒಟ್ಟು ನಿಘಂಟಿನ ಅರ್ಧದಷ್ಟು, ಅಂದರೆ 7,200ಕ್ಕೂ ಹೆಚ್ಚು ಪುಟಗಳು ಅವರ ಸಂಪಾದಕತ್ವದಲ್ಲಿ ಸಿದ್ಧವಾಗಿದ್ದವು.

ಅವರು ಹಾಕಿದ ಹಾದಿಯಲ್ಲಿಯೇ ಸಾಗಿ, 1928ರಲ್ಲಿ ಉಳಿದವರು ಕಾರ್ಯವನ್ನು ಪೂರೈಸಿದರು. ಹತ್ತು ವರ್ಷಗಳ ಕೆಲಸಕ್ಕೆ ನಲವತ್ತೊಂಬತ್ತು ವರ್ಷ ಹಿಡಿಯಿತು. 15,000ಕ್ಕೂ ಮಿಗಿಲಾದ ಪುಟಗಳು, 4,14,825 ಶಬ್ದಗಳು, 18 ಲಕ್ಷಕ್ಕೂ ಹೆಚ್ಚು ಉದಾಹರಣೆಗಳು. ‘ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು’ ಎಂದು ಹೆಸರಾದ ಆ ಮಹಾಗ್ರಂಥದ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಪರಿಷ್ಕರಣೆ ಇಂದಿಗೂ ನಡೆದೇ ಇದೆ. ಮರ್ರೆಯವರು ಆಕ್ಸ್‌ಫರ್ಡಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿಯೇ ಫರ್ಡಿನಾಂಡ್ ಕಿಟ್ಟೆಲ್ ಅವರು ಕನ್ನಡಕ್ಕಾಗಿ ದುಡಿದು, 1894ರಲ್ಲಿ ಮಂಗಳೂರಿನಲ್ಲಿ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ನೆಟ್ಟವನೇ ಹಣ್ಣು ತಿನ್ನಬೇಕೆಂಬ ನಿಯಮವಿಲ್ಲ. ದರ್ಜಿಯ ಮಗನಾಗಿ ಹುಟ್ಟಿ, ಹದಿನಾಲ್ಕಕ್ಕೆ ಶಾಲೆ ಬಿಟ್ಟ ಜೇಮ್ಸ್ ಮರ್ರೆಯವರು ತಾವು ಮುಗಿಸಲಾಗದ ಕೆಲಸವನ್ನು ಇತರರು ಮುಗಿಸಬಲ್ಲಂತೆ ಭದ್ರವಾಗಿ ನಿಲ್ಲಿಸಿಹೋದರು. ಸಂದೇಹ ಬಂದೊಡನೆ ನಿಘಂಟನ್ನು ತೆರೆದು ಶಬ್ದವೊಂದರ ಮೂಲವನ್ನು ಅರಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದೋ ತಿಳಿಯದೆಯೋ ಅವರಿಗೆ ಋಣಿ.